ಶಾಲೆಯ ತೊಟ್ಟಿಯ ನೀರು

ಅಪ್ಪನಿಗೆ ಸೂರತ್‌ಗೆ ವರ್ಗವಾದಾಗ ನಾನು ಆ ಊರಿನ ಅಡಾಜಣ್ ಬಡಾವಣೆಯ ಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಗೆ ಸೇರಿದೆ. ಅಲ್ಲಿನ ಜೀವಶಾಸ್ತ್ರದ ಟೀಚರ್ ನಮ್ಮನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿ, ನಮ್ಮ ಕತ್ತನ್ನು ಮೆಲ್ಲಗೆ ಬಗ್ಗಿಸುತ್ತ, "ಬರಾಬರ್ ನೋಡು" ಎನ್ನುತ್ತಿದ್ದರು. ಕಾಣದ್ದನ್ನು ಪುಸ್ತಕ ನೋಡಿ ಬರೆದರೆ, ಆ ಹಾಳೆಯನ್ನು ಮಡಚಿ ನಮ್ಮ ಜೇಬಿಗೇ ತುರುಕುತ್ತಿದ್ದರು.

ಆ ವರ್ಷದ ವಿಜ್ಞಾನ ಸ್ಪರ್ಧೆಯ ವಿಷಯ ಸೂಕ್ಷ್ಮಜೀವಿಗಳು. ಗೆಳತಿ ಹೇತಲ್ ಮತ್ತು ನಾನು ಆರು ಕಡೆಯ ಕುಡಿಯುವ ನೀರು ತಂದೆವು. ಟೀಚರ್ ಗಾಜಿನ ತಟ್ಟೆಗಳಲ್ಲಿ ಸೂಕ್ಷ್ಮಜೀವಿಗಳನ್ನು ಬೆಳೆಸುವ ಅಗರ್ ಎಂಬ ಅಂಟನ್ನು ಹೆಪ್ಪುಗಟ್ಟಿಸಿ, ಒಂದೊಂದಕ್ಕೂ ಒಂದೊಂದು ನೀರಿನ ಹನಿ ಬಿಟ್ಟರು. ಎರಡು ದಿನದಲ್ಲಿ ಒಂದು ತಟ್ಟೆಯ ತುಂಬ ಬೂದುಬಣ್ಣದ ಚುಕ್ಕೆಗಳು ಒತ್ತೊತ್ತಾಗಿ ಎದ್ದವು. ಅದು ನಮ್ಮ ಶಾಲೆಯ ತೊಟ್ಟಿಯ ನೀರು.

"ಅದೊಂದನ್ನು ಬಿಟ್ಟು ಉಳಿದದ್ದು ಸ್ಪರ್ಧೆಗೆ ಒಯ್ಯಿರಿ ಬೆನ್. ತೊಟ್ಟಿಯನ್ನು ರಜೆಯಲ್ಲಿ ತೊಳೆಸೋಣ" ಎಂದರು ಪ್ರಿನ್ಸಿಪಾಲರು. ಅಲ್ಲಿ ಟೀಚರನ್ನು ಎಲ್ಲರೂ ಬೆನ್, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದರು.

"ಮಕ್ಕಳು ಇವತ್ತೇ ಕುಡೀತಾರಲ್ಲ, ಸರ್" ಎಂದರು ಟೀಚರ್.

ಮಧ್ಯಾಹ್ನದ ಬಿಡುವಿನಲ್ಲಿ ಟೀಚರ್ ತೊಟ್ಟಿಯ ನಲ್ಲಿಗಳಿಗೆ ಬೆನ್ನುಕೊಟ್ಟು, ಯಾರೂ ನೀರು ಕುಡಿಯದಂತೆ ಎರಡೂ ಕೈ ಚಾಚಿ ನಿಂತರು. ಹುಡುಗರು ನಕ್ಕರು. ಜವಾನ ಬಂದು ಟೀಚರನ್ನು ಕರೆದೊಯ್ದ. ಮರುದಿನದಿಂದ ಅವರು ಶಾಲೆಗೆ ಬರಲಿಲ್ಲ.

ಸ್ಪರ್ಧೆಯ ದಿನ ಹೇತಲ್ ಟೈಫಾಯ್ಡ್‌ನಿಂದ ಆಸ್ಪತ್ರೆಯಲ್ಲಿದ್ದಳು. ನಮ್ಮ ಸುತ್ತಲಿನ ನೀರು ಶುದ್ಧವಾಗಿದೆ ಎಂದು ನಾನೊಬ್ಬಳೇ ತೀರ್ಪುಗಾರರಿಗೆ ಒಪ್ಪಿಸಿದೆ. ಎರಡನೆಯ ಬಹುಮಾನ ಬಂತು. ಮುಂದಿನ ವಾರ ಹೇತಲ್ ತೀರಿಕೊಂಡಳು.

ಅವಳ ಮನೆಯಲ್ಲಿ ಶೋಕಕ್ಕೆ ಕೂತವರ ನಡುವೆ ಟೀಚರ್ ಇದ್ದರು. ನನ್ನನ್ನು ಪಕ್ಕಕ್ಕೆ ಕರೆದು, "ಸ್ಪರ್ಧೆಯಲ್ಲಿ ಎಷ್ಟು ತಟ್ಟೆ ಇಟ್ಟೆ?" ಎಂದು ಕೇಳಿದರು.

"ಐದು" ಎಂದೆ.

ಅವರು ಬೈಯಲಿಲ್ಲ. ನನ್ನ ಕೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು, ಹೇತಲ್‌ಳ ಅಮ್ಮನ ಕಡೆ ನೋಡುತ್ತ ಕೂತರು.