ನೋಡಿಲ್ಲ ಎಂದು ಬರೆದ ಎಂಟು ದಿನ

ಸಿಟ್ಟು ಇವತ್ತಿಗೂ ಇಳಿದಿಲ್ಲ. ಯಾರ ಮೇಲೆ ಎಂದು ಕೇಳಿದರೆ ಮೊದಲು ನನ್ನ ಮೇಲೆ. ಜೊತೆಗಾರನ ಸರದಿ ಆಮೇಲೆ.

ಪಿಎಚ್.ಡಿ. ಮುಗಿಸಿ ಇನ್ನೂ ಕಾಯಂ ನೌಕರಿ ಸಿಗದ ಇಬ್ಬರು ನಾವು. ಅವನು ದೂರದ ಸಂಸ್ಥೆಯೊಂದರಲ್ಲಿ ಕೂತು ಹವಾಮಾನ ಮಾದರಿಗಳ ಅಂಕಿ ಅರೆಯುವವನು. ನಾನು ಶಿಕಾರಿಪುರದವಳು, ಹಳ್ಳಿಗಳಿಂದ ಮಳೆಯ ಅಳತೆ ತರುವುದು, ಕಂಡದ್ದನ್ನು ಊರವರಿಗೆ ತಿಳಿಹೇಳುವುದು ನನ್ನ ಪಾಲು. ಕಂಪ್ಯೂಟರಿನ ಮಾದರಿಗೆ ಸೊರಬವೂ ಶಿಕಾರಿಪುರವೂ ಒಂದೇ ಚೌಕ. ಸೊರಬದ ಉಳವಿಯಲ್ಲಿ ಮಳೆ ಜಡಿಯುವಾಗ ನಮ್ಮ ಕಡೆ ಬಿಸಿಲು ಕಾಯುತ್ತಿರುತ್ತದೆ ಎಂಬುದು ಅದಕ್ಕೆ ಗೊತ್ತೇ ಇಲ್ಲ. ಅದಕ್ಕಾಗಿ ಉಳವಿಯಲ್ಲೊಂದು, ನಮ್ಮ ಕಡೆಯ ಅಂಬ್ಲಿಗೊಳ ಜಲಾಶಯದ ಕಾಲುವೆ ಕೆಳಗಿನ ಹಳ್ಳಿಯಲ್ಲೊಂದು ಮಳೆಮಾಪಕ ಇಟ್ಟೆವು.

ಆ ಹಳ್ಳಿಯ ಮಾಪಕ ನೋಡಿಕೊಳ್ಳುತ್ತಿದ್ದವರು ಹೊಲದ ಜೊತೆ ಕುರಿಯನ್ನೂ ಸಾಕಿದ ಮನೆಯ ಒಬ್ಬ ಹೆಂಗಸು. ನಾನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು, ನೋಟ್‌ಬುಕ್ಕಿನಲ್ಲಿ ಬರೆದು, ಅದರ ಫೋಟೊ ಕಳಿಸುತ್ತಿದ್ದರು. ಹನಿ ಬೀಳದ ದಿನವೂ ಹೋಗಿ ನೋಡಿಯೇ ಸೊನ್ನೆ ಬರೆಯುತ್ತಿದ್ದರು. ಹೊಲಕ್ಕೆ ಯೂರಿಯಾ ಹಾಕುವ ಮುಂಚೆ ಊರವರು ಅವರ ಮನೆಯ ಕಟ್ಟೆಗೆ ಬಂದು, ನಿನ್ನೆ ಎಷ್ಟು ಬಿತ್ತು ಎಂದು ಕೇಳಿಕೊಂಡು ಹೋಗುತ್ತಿದ್ದರು. ಅವರ ಮಾತಿಗೆ ಅಷ್ಟು ಬೆಲೆ ಇತ್ತು.

ಒಂದು ಮುಂಗಾರಿನಲ್ಲಿ ಅವರ ಗಂಡನಿಗೆ ಜ್ವರ ಬಂತು. ಎಂಟು ದಿನ ಅಕ್ಕನೇ ಕುರಿ ಹಿಂಡಿನ ಜೊತೆ ಹೊರಗೆ ಉಳಿಯಬೇಕಾಯಿತು. ವಾಪಸು ಬಂದು ಆ ಎಂಟೂ ಸಾಲಿನಲ್ಲಿ ‘ನೋಡಿಲ್ಲ’ ಎಂದು ಬರೆದರು. ಅದಕ್ಕಿಂತ ಪ್ರಾಮಾಣಿಕವಾದ ಮಾಹಿತಿಯನ್ನು ನಾನು ಯಾವ ದೊಡ್ಡವರ ಕಡತದಲ್ಲೂ ಕಂಡಿಲ್ಲ.

ಕಂಪ್ಯೂಟರಿಗೆ ಏರಿಸುವಾಗ ಕೋಷ್ಟಕದಲ್ಲಿ ಆ ಎಂಟು ದಿನಗಳ ಮನೆ ಖಾಲಿ ಬಿಟ್ಟೆ. ಖಾಲಿ ಮನೆ ಸಿಕ್ಕರೆ ಜೊತೆಗಾರನ ಪ್ರೋಗ್ರಾಂ ಅಲ್ಲಿಗೇ ನಿಂತುಬಿಡುತ್ತಿತ್ತು. ಊರವರ ಸಭೆಗೆ ನಾಲ್ಕೇ ದಿನ ಉಳಿದಿದ್ದವು. ಏನಾದರೂ ತುಂಬು ಮಾರಾಯ್ತಿ, ಓಡಿದರೆ ಸಾಕು ಎಂದ. ಖಾಲಿ ಇದ್ದಲ್ಲೆಲ್ಲ ಸೊನ್ನೆ ಹಾಕು ಎಂಬ ಒಂದು ಸಾಲು ಬರೆದವಳು ನಾನೇ. ಪ್ರೋಗ್ರಾಂ ಓಡಿತು. ಆಮೇಲೆ ತಿದ್ದಿದರಾಯಿತು ಎಂದುಕೊಂಡೆ, ಮರೆತೆ. ಮಳೆ ಬರಲಿಲ್ಲ ಎನ್ನುವುದು ಬೇರೆ, ನಾನು ನೋಡಲಿಲ್ಲ ಎನ್ನುವುದು ಬೇರೆ. ಕುರಿ ಕಾಯುವ ಅಕ್ಕನಿಗೆ ಇದು ಗೊತ್ತಿತ್ತು. ನನಗೇನು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಮೈ ಉರಿಯುವುದೇ ಅದಕ್ಕೆ.

ಸಭೆ ಅದೇ ಹಳ್ಳಿಯ ಸಮುದಾಯ ಭವನದಲ್ಲಿ ನಡೆಯಿತು. ಅಕ್ಕನನ್ನು ಮುಂದಿನ ಸಾಲಿನಲ್ಲೇ ಕೂರಿಸಿದ್ದೆವು. ಪ್ರೊಜೆಕ್ಟರಿನಿಂದ ಗೋಡೆಗೆ ಬಿಟ್ಟ ಚಿತ್ರದಲ್ಲಿ ಉಳವಿಯ ಮಳೆಯ ಗೀಟು ಮೇಲೆದ್ದಿತ್ತು, ಈ ಊರಿನ ಗೀಟು ಎಂಟು ದಿನ ನೆಲ ಹಿಡಿದು ಮಲಗಿತ್ತು. ಮುಂಗಾರಿನ ನಡುವೆ ಇಂಥ ಒಣ ದಿನಗಳು ಮುಂದೆ ಹೆಚ್ಚಬಹುದು ಎಂದು ಜೊತೆಗಾರ ವಿವರಿಸುತ್ತಿದ್ದ. ಹಿಂದಿನ ಸಾಲಿನಿಂದ ರೈತರೊಬ್ಬರು ಎದ್ದು ನಿಂತರು.

“ಆ ವಾರ ನನ್ನ ಗೋವಿನಜೋಳ ಮೊಣಕಾಲುದ್ದ ನೀರಾಗೆ ನಿಂತಿತ್ತಲ್ರೀ. ಸೊನ್ನೆ ಅಂತ ಬರ್ಕೊಟ್ಟೋರು ಯಾರು?”

ಎಲ್ಲರ ಕಣ್ಣೂ ಅಕ್ಕನ ಕಡೆ ತಿರುಗಿದವು. ಅಳೆಯುವವರಿಂದ ಒಮ್ಮೊಮ್ಮೆ ತಪ್ಪಾಗುತ್ತದೆ, ಅದು ಸಹಜ ಎಂದು ಜೊತೆಗಾರ ನಗುತ್ತಾ ತೇಲಿಸಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಅಂದರೆ ಇದೇ. ಪಾಪ, ಅವನಿಗೆ ಆ ಎಂಟು ದಿನ ಯಾವುವು ಎಂಬುದೂ ನೆನಪಿರಲಿಲ್ಲ. ನನಗೆ ನೆನಪಾಗಿತ್ತು. ಅವನು ಮೈಕನ್ನು ನನಗೆ ದಾಟಿಸಿದ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು, ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂಬಂತೆ. ತಪ್ಪು ನಮ್ಮದು ಎನ್ನುವುದಕ್ಕೆ ಎಷ್ಟು ಹೊತ್ತು ಬೇಕು? ನಾನು, ಮುಂದಿನ ಚಿತ್ರ ಹಾಕಿ ಎಂದೆ. ಕೊನೆಗೆ ಅವರಿಗೊಂದು ಶಾಲನ್ನೂ ಹೊದಿಸಿದೆವು. ಥೂ, ನಮ್ಮ ಜನ್ಮಕ್ಕೆ.

ಮರುದಿನವೇ ಕಡತ ತಿದ್ದಿದೆ, ಜೊತೆಗಾರನಿಗೂ ಹೇಳಿದೆ. ಅಯ್ಯೋ ಹೌದಾ ಎಂದ. ಊರಿಗೆ ಹೋಗಿ ಹೇಳೋಣವೇ ಎಂದದ್ದಕ್ಕೆ, ಹಾಗೆ ಮಾಡಿದರೆ ನಾಳೆಯಿಂದ ನಮ್ಮನ್ನು ಯಾರೂ ನಂಬುವುದಿಲ್ಲ ಎಂದ. ನಮ್ಮನ್ನು! ನಾನಾದರೂ ಬಾಯಿ ಬಿಟ್ಟೆನೇ? ಹ್ಞೂಂ ಎಂದು ಫೋನಿಟ್ಟೆ. ಅತ್ತ ಶಿರಾಳಕೊಪ್ಪದ ಸಂತೆಯಲ್ಲಿ ಮಳೆ ಸುರಿಯುತ್ತಿರುವಾಗಲೇ ಯಾರೋ, ಏನಕ್ಕಾ, ಇವತ್ತೂ ಸೊನ್ನೇನಾ ಎಂದು ಛೇಡಿಸಿದರಂತೆ. ಯೂರಿಯಾ ಹಾಕುವವರು ಕಟ್ಟೆಗೆ ಬರುವುದೂ ನಿಂತಿತಂತೆ. ಇಷ್ಟನ್ನೂ ಅವರ ಗಂಡ ಹೇಳಿದ್ದು. ಅಕ್ಕ ಅಳೆಯುವುದನ್ನು ಬಿಡಲಿಲ್ಲ. ಅವರ ಬಾಯಲ್ಲಿ ನಾನು ತಂಗಿ ಹೋಗಿ ಮೇಡಂ ಆದೆ, ಅಷ್ಟೇ.

ಮುಂದಿನ ವರ್ಷ ಅಕ್ಕನ ಫೋಟೊಗಳು ನೇರ ಜೊತೆಗಾರನಿಗೇ ಹೋಗುತ್ತಿದ್ದವು, ಮುಂಗಾರು ಮುಗಿಯಿತು. ಈ ಸಲ ಒಂದು ದಿನವೂ ಖಾಲಿ ಇಲ್ಲ, ಅವರು ತುಂಬಾ ಚೆನ್ನಾಗಿ ಕಲಿತಿದ್ದಾರೆ ಎಂದು ಜೊತೆಗಾರ ಮೆಸೇಜು ಹಾಕಿದ. ಖಾಲಿ ಇಲ್ಲದಿರಲು ಹೇಗೆ ಸಾಧ್ಯ? ಆ ವರ್ಷವೂ ನಾಲ್ಕು ದಿನ ಕುರಿ ಜೊತೆ ಹೊರಗಿದ್ದೇನೆ ಎಂದು ಅಕ್ಕನೇ ಫೋನಿನಲ್ಲಿ ಹೇಳಿದ್ದರು, ಹಿಂದೆ ಕುರಿಗಳ ಸದ್ದು ನನಗೇ ಕೇಳಿಸಿತ್ತು.

ಮೊದಲ ಬಸ್ಸಿಗೆ ಹೋದೆ. ಅಕ್ಕ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ನೋಟ್‌ಬುಕ್ ಬಿಚ್ಚಿದೆ. ಆ ನಾಲ್ಕು ದಿನಗಳ ಎದುರು ಮೂರು, ಏಳು, ಎರಡು, ಐದು ಮಿಲಿಮೀಟರ್ ಎಂದು ದುಂಡಗೆ ಬರೆದಿತ್ತು. ಇದು ಅಳೆದದ್ದಾ ಅಕ್ಕಾ ಎಂದು ಕೇಳಿದೆ. ಅವರು ಮುಚ್ಚಿಡಲಿಲ್ಲ.

“ಇಲ್ರೀ ಮೇಡಂ. ಖಾಲಿ ಬಿಟ್ರೆ ನೀವು ತುಂಬ್ತೀರಿ. ಅದಕ್ಕೇ ಈ ಸಲ ನಾನೇ ತುಂಬೀನಿ.”

ಸುಳ್ಳು ಬರೆಯದ ಕೈಗೆ ಸುಳ್ಳು ಬರೆಯುವುದನ್ನು ಕಲಿಸಿದ್ದೆವು ನಾವು, ಅದೂ ತಿಳಿವಳಿಕೆ ಕೊಡುತ್ತೇವೆ ಎಂದು ಬ್ಯಾನರು ಕಟ್ಟಿ. ನನಗೆ ಅಳು ಬರಲಿಲ್ಲ, ಸಿಟ್ಟೇ ಬಂತು. ಎದ್ದು ನಿಂತು ಸಮುದಾಯ ಭವನದ ಕೀಲಿ ಯಾರ ಹತ್ತಿರ ಇರುತ್ತದೆ ಎಂದು ಕೇಳಿದೆ. ಎಲ್ಲರನ್ನೂ ಕರೆದು ತಪ್ಪು ನನ್ನದು ಎಂದು ಇವತ್ತೇ ಹೇಳುತ್ತೇನೆ ಎಂದೆ.

ಅಕ್ಕ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ಸಭೆ ದಿನ ಭವನದ ಬಾಗಿಲು ತೆರೆದೇ ಇತ್ತಲ್ರೀ ಮೇಡಂ” ಎಂದರು.