ಎಂಟು ಫೋಟೊಗಳಲ್ಲಿ ನನ್ನದೂ ಒಂದು

ಕಳೆದ ವರ್ಷದ ನವೆಂಬರ್ ತಿಂಗಳು. ನಾವು ಯೋಕೋಹಾಮಾಕ್ಕೆ ಬಂದು ಹನ್ನೊಂದು ವರ್ಷ ತುಂಬಿತ್ತು. ನಮ್ಮವರು ವಾಹನದ ಬಿಡಿಭಾಗ ತಯಾರಿಸುವ ಕಂಪನಿಯಲ್ಲಿ ಎಂಜಿನಿಯರ್. ಮಗಳು ಇಂಚರಳಿಗೆ ಹದಿಮೂರು, ಓದುವುದು ಜಪಾನಿ ಶಾಲೆಯಲ್ಲಿ. ನಾನು ಮನೆ ನೋಡಿಕೊಂಡಿರುವವಳು. ಶನಿವಾರ ಬೆಳಿಗ್ಗೆ ಮಾತ್ರ ಹತ್ತಿರದ ಸಮುದಾಯ ಭವನದಲ್ಲಿ ಹತ್ತಾರು ಮಕ್ಕಳನ್ನು ಕೂರಿಸಿಕೊಂಡು ಕನ್ನಡ ಹೇಳಿಕೊಡುತ್ತೇನೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಅವು ಜಪಾನಿಯಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುತ್ತವೆ. ನನ್ನ ಮಗಳದೂ ಅದೇ ಕಥೆ. ಒಂಬತ್ತು ವರ್ಷದಿಂದ ಹೀಗೇ ನಡೆದುಕೊಂಡು ಬಂದಿದೆ.

ಒಂದು ಭಾನುವಾರ ದೋಸೆ ಹುಯ್ಯುತ್ತಿದ್ದೆ. ನಮ್ಮವರು ಫೋನ್ ಹಿಡಿದುಕೊಂಡು ಅಡುಗೆಮನೆಗೆ ಬಂದರು. ಮುಖದಲ್ಲಿ ಮದುವೆಮನೆಯ ಕಳೆ.

“ನಿನ್ ವೇಲ್ಸ್ ಕಾಲೇಜಿನೋರು ಇಲ್ಲೇ ಗೆಟ್-ಟುಗೆದರ್ ಮಾಡ್ತಿದಾರೆ ಕಣೇ. ಜಪಾನಲ್ಲಿರೋ ಹಳೇ ಸ್ಟೂಡೆಂಟ್ಸ್ ಎಲ್ಲ ಸೇರ್ತಾರಂತೆ. ಅವ್ರಲ್ಲಿ ಹೆಸರು ಮಾಡಿದ ಎಂಟು ಜನರ ಫೋಟೊ ಹಾಕ್ತಾರೆ. ಅದ್ರಲ್ಲಿ ನೀನೂ ಒಬ್ಳು! ಹತ್ತು ನಿಮಿಷ ಮಾತಾಡ್ಬೇಕಂತೆ.”

“ನನ್ನ ಹೆಸರು ಅವ್ರಿಗೆ ಯಾರು ಕೊಟ್ರು?”

“ಇನ್ಯಾರು, ನಾನೇ. ಎರಡು ತಿಂಗಳ ಹಿಂದೆನೇ ಫಾರ್ಮ್ ತುಂಬಿ ಕಳಿಸಿದ್ದೆ. ಸರ್‌ಪ್ರೈಸ್ ಇರ್ಲಿ ಅಂತ ಹೇಳ್ಲಿಲ್ಲ. ಎಂ.ಎ. ಅಂತ ಬರ್ದೆ, ನಿನ್ ಕನ್ನಡ ಕ್ಲಾಸ್ ಬಗ್ಗೆನೂ ಬರ್ದೆ.”

ಕಾವಲಿಯ ಮೇಲಿನ ದೋಸೆ ಸೀದುಹೋಯಿತು.

ವಿಷಯ ಏನೆಂದರೆ, ನಾನು ಎಂ.ಎ. ಮಾಡಿಯೇ ಇಲ್ಲ.

ಮದುವೆಗೆ ಎರಡು ವರ್ಷ ಮುಂಚೆ ನಾನು ವೇಲ್ಸ್‌ಗೆ ಓದಲು ಹೋಗಿದ್ದು ನಿಜ. ಕಡಲ ದಂಡೆಯ ಮೇಲಿರುವ, ತುಂಬಾ ಹಳೆಯ, ಕಲ್ಲಿನ ಕಾಲೇಜು. ಅದರ ದೊಡ್ಡ ಮೆಟ್ಟಿಲ ಪಕ್ಕದ ಗೋಡೆಯ ತುಂಬ ಅಲ್ಲಿ ಓದಿ ಹೆಸರು ಮಾಡಿದವರ ಫೋಟೊಗಳು. ಯಾವುದೋ ದೇಶದ ಮಂತ್ರಿ, ಒಬ್ಬರು ನ್ಯಾಯಾಧೀಶರು, ಹಿಮನದಿಗಳನ್ನು ಅಳೆದ ಒಬ್ಬಾಕೆ. ದಿನಾ ಕ್ಲಾಸಿಗೆ ಹತ್ತುವಾಗ ಇವರೆಲ್ಲ ‘ನೀನು ಯಾರಮ್ಮ, ಇಲ್ಲಿಗೆ ಯಾಕೆ ಬಂದೆ?’ ಎಂದು ಕೇಳಿದ ಹಾಗೆ ಆಗುತ್ತಿತ್ತು. ಪಾಠ ಅರ್ಥವಾಗುತ್ತಿರಲಿಲ್ಲ. ಗಾಳಿಗೆ ಕೊಡೆ ನಿಲ್ಲುತ್ತಿರಲಿಲ್ಲ. ಯಾರೊಡನೆಯೂ ಮಾತಿಲ್ಲದೆ ವಾರಗಳು ಹೋಗುತ್ತಿದ್ದವು. ಐದು ತಿಂಗಳು ತಡೆದುಕೊಂಡೆ. ಫೆಬ್ರವರಿಯ ಒಂದು ದಿನ ಸೂಟ್‌ಕೇಸ್ ಎಳೆದುಕೊಂಡು ವಾಪಸ್ ಬಂದುಬಿಟ್ಟೆ. ಯಾರಿಗೂ ಕಾಯಿಲೆ ಇರಲಿಲ್ಲ, ಯಾರೂ ಬಾ ಎಂದು ಕರೆದಿರಲಿಲ್ಲ. ಹೆದರಿ ಓಡಿಬಂದೆ, ಅಷ್ಟೇ.

ನಮ್ಮಪ್ಪ ಒಂದು ಮಾತೂ ಬೈಯಲಿಲ್ಲ. ಆದರೆ ನನಗೆ ಗಂಡು ನೋಡಲು ಶುರು ಮಾಡಿದಾಗ ಬಯೋಡೇಟಾದಲ್ಲಿ ತಮ್ಮ ಮುತ್ತಿನಂಥ ಅಕ್ಷರದಲ್ಲಿ ‘ಎಂ.ಎ., ಯು.ಕೆ.’ ಎಂದು ಬರೆದರು. “ಅಪ್ಪಾ, ಇದು ತಪ್ಪು” ಎಂದಿದ್ದಕ್ಕೆ, “ಸರ್ಟಿಫಿಕೇಟ್ ಯಾರು ಕೇಳ್ತಾರೆ ಸುಮ್ನಿರು” ಎಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಹದಿನಾರು ವರ್ಷದಲ್ಲಿ ಯಾರೂ ಕೇಳಲಿಲ್ಲ. ಮದುವೆಯಾದ ಹೊಸದರಲ್ಲಿ ಹೇಳಬೇಕು ಅಂದುಕೊಂಡೆ, ನಾಚಿಕೆಯಾಯಿತು. ಆಮೇಲೆ ಹೇಳೋಣವೆಂದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎನ್ನುವುದೂ ಸೇರಿಕೊಂಡಿತು. ಅಪ್ಪ ಈಗ ಇಲ್ಲ. ಆ ಬಯೋಡೇಟಾ ನೆನೆದರೆ ಇವತ್ತಿಗೂ ಕೋಪ ಬರುತ್ತದೆ, ಜೊತೆಗೆ ಅಳುವೂ ಬರುತ್ತದೆ.

ಇತ್ತ ನಮ್ಮವರಿಗೆ ನನ್ನ ಎಂ.ಎ. ಎಂದರೆ ಎಲ್ಲಿಲ್ಲದ ಹೆಮ್ಮೆ. ಯುಗಾದಿ ಕೂಟವಿರಲಿ, ಆಫೀಸಿನ ಪಾರ್ಟಿಯಿರಲಿ, “ನನ್ನ ವೈಫ್ ವೇಲ್ಸ್‌ನಲ್ಲಿ ಎಂ.ಎ. ಮಾಡಿದೋಳು” ಎನ್ನದೆ ಅವರಿಗೆ ಊಟ ಸೇರದು. ಈಗ ಅದನ್ನು ನನ್ನ ಕಾಲೇಜಿನವರ ಎದುರಿಗೇ ಹೇಳಲು ಹೊರಟಿದ್ದರು. ತಪ್ಪಿಸಿಕೊಳ್ಳಲು ನಾನು ಜ್ವರ ಎಂದೆ, ಮಗಳ ಪರೀಕ್ಷೆ ಎಂದೆ, ಸೊಂಟನೋವು ಎಂದೆ. ಯಾವುದೂ ನಡೆಯಲಿಲ್ಲ. ಅವರು ರಜೆ ಹಾಕಿದರು. ಸಾಲದ್ದಕ್ಕೆ, ಇಲ್ಲಿ ಯಾರನ್ನು ಭೇಟಿಯಾದರೂ ಎರಡೂ ಕೈಯಿಂದ ಹೆಸರಿನ ಕಾರ್ಡು ಕೊಡುವ ಪದ್ಧತಿ ನೋಡಿ, ನನಗೂ ಒಂದು ಕಟ್ಟು ಕಾರ್ಡು ಮಾಡಿಸಿಕೊಂಡು ಬಂದರು. ಹೆಸರಿನ ಕೆಳಗೆ ದಪ್ಪಕ್ಷರದಲ್ಲಿ ಎಂ.ಎ.

ಕೂಟಕ್ಕೆ ಒಂದು ವಾರ ಇದ್ದಾಗ ಅದರ ಕಾರ್ಯದರ್ಶಿ ಮೊರಿಟಾ ಸಾನ್ ಫೋನ್ ಮಾಡಿದರು. ಇಲ್ಲಿ ಹೆಸರಿಗೆ ‘ಸಾನ್’ ಸೇರಿಸಿದರೆ ನಮ್ಮ ‘ಅವರು’ ಎಂದ ಹಾಗೆ. ಎಪ್ಪತ್ತು ದಾಟಿದವರು, ಬಿಡಿಸಿ ಬಿಡಿಸಿ ಇಂಗ್ಲಿಷ್ ಮಾತಾಡುತ್ತಾರೆ. ಯಾವ ಸ್ಟೇಷನ್, ಎಷ್ಟನೇ ಎಕ್ಸಿಟ್, ಎಷ್ಟು ನಿಮಿಷದ ನಡಿಗೆ ಎಲ್ಲ ಹೇಳಿದರು. ಕೊನೆಗೆ ದನಿ ತಗ್ಗಿಸಿ, “ನಿಮ್ಮ ವಿವರ ಕಾಲೇಜಿಗೆ ಕಳಿಸಿದ್ದೆವು. ಅವರ ಉತ್ತರ ಬಂತು. ಒಂದು ಸಣ್ಣ ತಿದ್ದುಪಡಿ ಮಾಡಿದ್ದೇವೆ. ಸುಮಿಮಾಸೆನ್,” ಎಂದರು.

ಏನು ತಿದ್ದುಪಡಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅವರೂ ಹೇಳಲಿಲ್ಲ. ಅವರಿಗೆ ನಿಜ ಗೊತ್ತಾಯಿತೋ? ಗೊತ್ತಾಗಿದ್ದರೆ ನನ್ನನ್ನು ಬರಬೇಡಿ ಎನ್ನಬೇಕಿತ್ತಲ್ಲ? ಬರಬೇಡಿ ಎನ್ನುವುದನ್ನೇ ಇವರು ಹೀಗೆ ಹೇಳುತ್ತಾರೋ? ಹನ್ನೊಂದು ವರ್ಷ ಇದ್ದರೂ ಕ್ಷಮಿಸಿ ಎನ್ನಲೂ ಥ್ಯಾಂಕ್ಸ್ ಎನ್ನಲೂ ಬಳಸುವ ಈ ಜನರ ‘ಸುಮಿಮಾಸೆನ್’ಗೆ ಯಾವಾಗ ಯಾವ ಅರ್ಥ ಎನ್ನುವುದು ನನಗೆ ಬಗೆಹರಿದಿಲ್ಲ. ಆ ವಾರ ಸಾರಿಗೆ ಎರಡೆರಡು ಸಲ ಉಪ್ಪು ಹಾಕಿದೆ.

ಆ ದಿನ ಬಂತು. ಬಂದರಿನ ಹತ್ತಿರದ ಹಳೆಯ ಕಟ್ಟಡವೊಂದರ ಹಾಲ್. ಸುಮಾರು ನಲವತ್ತು ಜನ, ಹೆಚ್ಚಿನವರು ಕೂದಲು ನರೆತ ಜಪಾನಿಯರು. ತ್ಸುಕುಬಾದಿಂದ ಬಂದ ನಿವೃತ್ತ ಭೂವಿಜ್ಞಾನಿ, ಒಕಾಜಾಕಿಯಲ್ಲಿ ಮೀನಿನ ಕಣ್ಣಿನ ಮೇಲೆ ಸಂಶೋಧನೆ ಮಾಡುವ ಒಬ್ಬ ಹೆಂಗಸು, ಹೀಗೆ. ಎದುರು ಸಿಕ್ಕವರೆಲ್ಲ ನನಗೆ ಬಗ್ಗಿ ಕಾರ್ಡು ಕೊಟ್ಟರು. ನಾನೂ ಬಗ್ಗಿ ಬಗ್ಗಿ ಕಾರ್ಡು ಕೊಟ್ಟೆ. ಏಳು ಕಾರ್ಡು ಖರ್ಚಾದವು, ಅಂದರೆ ಅಷ್ಟು ಹೊತ್ತಿಗೆ ಏಳು ಸಲ ಸುಳ್ಳು ಹೇಳಿಯಾಗಿತ್ತು.

ಗೋಡೆಯ ಮೇಲೆ ಎಂಟು ಫೋಟೊ. ಕೊನೆಯದು ನನ್ನದು. ಕನ್ನಡ ತರಗತಿಯಲ್ಲಿ ಬೋರ್ಡಿನ ಮುಂದೆ ನಿಂತಿರುವಾಗ ತೆಗೆದದ್ದು. ಎಲ್ಲ ಫೋಟೊಗಳ ಕೆಳಗೂ ಜಪಾನಿಯಲ್ಲಿ ಮೂರ್ನಾಲ್ಕು ಸಾಲು. ನನಗೂ ನಮ್ಮವರಿಗೂ ಜಪಾನಿ ಮಾತಾಡಲು ಅಷ್ಟಿಷ್ಟು ಬರುತ್ತದೆ, ಓದಲು ಬರುವುದಿಲ್ಲ. ಮನೆಗೆ ಬರುವ ಪತ್ರಗಳನ್ನೆಲ್ಲ ಓದಿ ಹೇಳುವವಳು ಇಂಚರಳೇ. ಅವಳು ಒಂದೊಂದೇ ಫೋಟೊ ನೋಡುತ್ತ ನನ್ನದರ ಮುಂದೆ ಬಂದು ನಿಂತಳು. ಓದಿದಳು. ಹಿಂದಕ್ಕೆ ಹೋಗಿ ಬೇರೆಯವರದನ್ನು ಓದಿದಳು. ಮತ್ತೆ ನನ್ನದಕ್ಕೆ ಬಂದಳು. ಪಕ್ಕದಲ್ಲೇ ಮೊರಿಟಾ ಸಾನ್ ಕೈಕಟ್ಟಿ ನಗುತ್ತ ನಿಂತಿದ್ದರು.

ನಮ್ಮಿಂದ ಏನಾದರೂ ಮುಚ್ಚಿಡಬೇಕಿದ್ದರೆ ನನ್ನ ಮಗಳು ಗೆಳತಿಯರ ಜೊತೆ ಚಟಪಟ ಜಪಾನಿಯಲ್ಲಿ ಮಾತಾಡುತ್ತಾಳೆ. ಅವತ್ತು ಅವಳಿಗೆ ಮುಚ್ಚಿಡಬೇಕಾಗಿದ್ದದ್ದು ಜಪಾನಿಯರಿಂದ. ತಪ್ಪು ಅಚ್ಚಾಗಿದೆ ಎಂದು ಮೊರಿಟಾ ಸಾನ್ ಎದುರಿಗೇ ಹೇಳಿದರೆ ಆ ಹಿರಿಯರಿಗೆ ಅವಮಾನ. ಇಂಗ್ಲಿಷಿನಲ್ಲಿ ಹೇಳಿದರೂ ಅಲ್ಲಿದ್ದವರಿಗೆಲ್ಲ ತಿಳಿಯುತ್ತದೆ. ಹಾಗಾಗಿ ಅವಳು ನನ್ನ ತೋಳು ಹಿಡಿದು, ಒಂದೊಂದೇ ಪದ ಹುಡುಕಿಕೊಂಡು, ಕನ್ನಡದಲ್ಲಿ ಹೇಳಿದಳು.

“ಅಮ್ಮಾ, ಇವ್ರು ರಾಂಗ್ ಬರ್ದಿದಾರೆ. ಎಲ್ಲರ್ದು ಡಿಗ್ರಿ ತಗೊಂಡ್ರು ಅಂತ ಇದೆ. ನಿಂದು ಮಾತ್ರ ಐದು ತಿಂಗಳು ಇದ್ರು, ಆಮೇಲೆ ಹೋದ್ರು ಅಂತ ಇದೆ. ಮೆಲ್ಲಗೆ ಹೇಳೋಣ, ಅವ್ರಿಗೆ ಬೇಜಾರ್ ಆಗುತ್ತೆ.”

ಒಂಬತ್ತು ವರ್ಷದಿಂದ ಅವಳ ಬಾಯಲ್ಲಿ ಇಷ್ಟುದ್ದ ಕನ್ನಡ ಕೇಳಲು ಕಾದಿದ್ದೆ. ಕೇಳಿದ್ದು ಇದು. ಕನ್ನಡ ಅರ್ಥವಾಗುವ ಮೂರನೆಯವರೊಬ್ಬರು ನಮ್ಮ ಹಿಂದೆಯೇ ನಿಂತಿದ್ದಾರೆ ಎನ್ನುವುದು ಅವಳ ತಲೆಗೆ ಹೊಳೆಯಲೇ ಇಲ್ಲ.

“ಏನಂದೆ?” ಎಂದರು ನಮ್ಮವರು. “ಐದು ತಿಂಗಳಾ? ಫಾರ್ಮಲ್ಲಿ ನೀಟಾಗಿ ಬರ್ದಿದ್ದೆ ನಾನು. ಇಷ್ಟು ಪರ್ಫೆಕ್ಟ್ ಅಂತಾರೆ ಈ ಜನಾನ, ನೋಡು ಹೆಂಗೆ ಮಾಡಿದಾರೆ. ಇರು, ನಾನೇ ಮಾತಾಡ್ತೀನಿ.”

ಅವರು ಮೊರಿಟಾ ಸಾನ್ ಕಡೆ ಎರಡು ಹೆಜ್ಜೆ ಇಟ್ಟರು. ಸುಮ್ಮನಿದ್ದರೆ ಆ ಹಿರಿಯರು ಮಾಡದ ತಪ್ಪಿಗೆ ಬಗ್ಗಿ ಬಗ್ಗಿ ಕ್ಷಮೆ ಕೇಳುತ್ತಾರೆ. ನನ್ನ ಸುಳ್ಳನ್ನು ಅವರ ತಲೆಗೆ ಕಟ್ಟಿದ ಹಾಗೆ. ನಮ್ಮವರ ಕೋಟು ಹಿಡಿದು ಎಳೆದೆ.

“ಬೇಡ ರೀ. ಅವ್ರು ಬರ್ದಿರೋದೇ ಸರಿ.”

“ಅಂದ್ರೆ?”

“ನಾನು ಮುಗಿಸ್ಲಿಲ್ಲ. ಓಡಿ ಬಂದ್ಬಿಟ್ಟೆ. ಅಪ್ಪ ಸುಳ್ಳು ಬರ್ದ್ರು, ನಾನು ಸುಮ್ನಿದ್ದೆ.”

ಅವರು ನನ್ನನ್ನು ನೋಡಿದರು. ಫೋಟೊ ನೋಡಿದರು. ಮತ್ತೆ ನನ್ನನ್ನು ನೋಡಿದರು. ಕೋಪವೋ ದುಃಖವೋ ಆ ಮುಖದಲ್ಲಿ ಗುರುತು ಹಿಡಿಯಲಾಗಲಿಲ್ಲ. ಅಷ್ಟರಲ್ಲಿ ಮೊರಿಟಾ ಸಾನ್ ಗಾಬರಿಯಿಂದ ಹತ್ತಿರ ಬಂದು, ಏನಾದರೂ ಲೋಪವಾಗಿದೆಯೇ, ಫೋಟೊ ಚಿಕ್ಕದಾಯಿತೇ ಎಂದು ಕೇಳಿದರು. ನಮ್ಮವರು ನನ್ನ ಕೈಯಿಂದ ಕೋಟು ಬಿಡಿಸಿಕೊಂಡರು. ಆಮೇಲೆ, “ಇಲ್ಲ, ಫೋಟೊ ಚೆನ್ನಾಗಿದೆ,” ಎಂದು ಹೋಗಿ ಕೊನೆಯ ಸಾಲಿನಲ್ಲಿ ಕುಳಿತುಬಿಟ್ಟರು.

ಆಗಲೇ ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಬರೆದುಕೊಂಡು ಹೋಗಿದ್ದ ಭಾಷಣ ಪರ್ಸಿನಲ್ಲೇ ಉಳಿಯಿತು. ಏನು ಮಾತಾಡಿದೆನೋ ಪೂರ್ತಿ ನೆನಪಿಲ್ಲ. ನನಗೆ ಪದವಿ ಇಲ್ಲ, ಕಾರ್ಡಿನಲ್ಲಿ ಇರುವುದು ತಪ್ಪು ಎಂದೆ. ಮೆಟ್ಟಿಲ ಪಕ್ಕದ ಫೋಟೊಗಳಿಗೆ ಹೆದರುತ್ತಿದ್ದೆ ಎಂದೆ. ಆ ಊರಿನ ಬ್ರೆಡ್ ಅಂಗಡಿಯಾಕೆ ತನ್ನ ಪುಟ್ಟ ಮಗಳು ಇಂಗ್ಲಿಷಿನಲ್ಲಿ ಏನೇ ಕೇಳಿದರೂ ಹಠ ಹಿಡಿದು ತಮ್ಮ ವೆಲ್ಷ್ ಭಾಷೆಯಲ್ಲೇ ಉತ್ತರ ಕೊಡುತ್ತಿದ್ದಳು, ಐದು ತಿಂಗಳಲ್ಲಿ ನಾನು ಕಲಿತದ್ದು ಅದೊಂದೇ ಎಂದೆ. ಮೂರು ನಿಮಿಷಕ್ಕೆ ಮಾತು ಮುಗಿದುಹೋಯಿತು. ಆಮೇಲೆ ಎಲ್ಲರೂ “ಹೋ...” ಎಂದು ತಲೆಯಾಡಿಸಿದರು, ಚಪ್ಪಾಳೆ ತಟ್ಟಿದರು. ಅದು ಮೆಚ್ಚುಗೆಯೋ ಮರ್ಯಾದೆಯೋ ನನಗೆ ತಿಳಿಯಲಿಲ್ಲ.

ಊಟವಾದ ಮೇಲೆ ಮೊರಿಟಾ ಸಾನ್ ಎಲ್ಲರನ್ನೂ ಬಂದರಿನ ದಂಡೆಗೆ ಹೊರಡಿಸಿದರು. ನಮ್ಮ ಕಾಲೇಜಿನಲ್ಲಿ ಒಂದು ಹಳೆಯ ರೂಢಿ ಇದೆ. ವಿದ್ಯಾರ್ಥಿಗಳು ಕಡಲ ಪಕ್ಕದ ರಸ್ತೆಯ ತುದಿಯವರೆಗೂ ನಡೆದು, ಅಲ್ಲಿನ ಕಬ್ಬಿಣದ ಕಂಬಿಗೆ ಕಾಲಿನಿಂದ ಒಮ್ಮೆ ಒದ್ದು ಬರಬೇಕು. ಅಲ್ಲಿದ್ದಾಗ ನಾನು ಒದ್ದಿರಲಿಲ್ಲ. ಏನನ್ನೇ ಆಗಲಿ ಕಾಲಿನಿಂದ ಒದೆಯುವುದು ನನ್ನ ಕೈಲಾಗದು. ದಾರಿಯಲ್ಲಿ ಧೈರ್ಯ ಮಾಡಿ ಮೊರಿಟಾ ಸಾನ್ ಅವರನ್ನು ಕೇಳಿಯೇಬಿಟ್ಟೆ.

“ನಿಜ ಗೊತ್ತಾದ ಮೇಲೂ ನನ್ನ ಫೋಟೊ ಯಾಕೆ ಇಟ್ಟಿರಿ?”

“ನಮಗೂ ಗೊಂದಲವಾಯಿತು. ಮೂರು ಮೀಟಿಂಗ್ ಮಾಡಿದೆವು,” ಎಂದರು.

“ಮೂರನೇ ಮೀಟಿಂಗಿನಲ್ಲಿ ಏನು ತೀರ್ಮಾನವಾಯಿತು?”

“ಫೋಟೊ ಅಷ್ಟು ಹೊತ್ತಿಗೆ ಫ್ರೇಮ್ ಆಗಿತ್ತು,” ಎಂದು ನಕ್ಕರು. ಅದು ತಮಾಷೆಯೋ, ಅದೇ ನಿಜವಾದ ಕಾರಣವೋ, ಇವತ್ತಿನವರೆಗೂ ನನಗೆ ಗೊತ್ತಿಲ್ಲ.

ದಂಡೆಯ ತುದಿಯಲ್ಲಿ ಆ ಹಿರಿಯರೆಲ್ಲ ಶಿಸ್ತಾಗಿ ಸಾಲು ನಿಂತರು. ಒಬ್ಬೊಬ್ಬರೇ ಬಂದರಿನ ಕಂಬಿಗೆ ಬೂಟಿನ ತುದಿ ಮೆಲ್ಲಗೆ ತಾಗಿಸಿ, ಆಮೇಲೆ ಕಂಬಿಗೇ ಬಗ್ಗಿ “ಸುಮಿಮಾಸೆನ್” ಎಂದು ಪಕ್ಕಕ್ಕೆ ಸರಿದರು. ನನ್ನ ಸರದಿ ಬಂದಾಗ ನಾನೂ ಕಾಲು ತಾಗಿಸಿದೆ. ಅಭ್ಯಾಸಬಲದಿಂದ ಕೈ ತಾನಾಗಿಯೇ ಕಂಬಿ ಮುಟ್ಟಿ ಕಣ್ಣಿಗೆ ಹೋಯಿತು.

ಇಷ್ಟು ಹೊತ್ತೂ ಹತ್ತು ಮಾರು ಹಿಂದೆ ಒಬ್ಬರೇ ಬರುತ್ತಿದ್ದ ನಮ್ಮವರು ಆಗ ಮುಂದೆ ಬಂದರು. “ನಾನೂ ಒದೀಬಹುದಾ?” ಎಂದು ಮೊರಿಟಾ ಸಾನ್ ಅವರನ್ನು ಕೇಳಿದರು. ದಯವಿಟ್ಟು ಒದೆಯಿರಿ ಎಂದರು ಅವರು. ನಮ್ಮವರು ಹದಿನಾರು ವರ್ಷದ ಸುಳ್ಳಿನ ಸಿಟ್ಟನ್ನೆಲ್ಲ ಕಾಲಿಗೆ ತಂದುಕೊಂಡು ಕಂಬಿಗೆ ಎಂಥಾ ಒದೆ ಕೊಟ್ಟರೆಂದರೆ, ಢಣ್ ಎಂದು ಇಡೀ ದಂಡೆಗೆ ಕೇಳಿಸಿತು. ಹಿರಿಯರೆಲ್ಲ ಇದು ಕಾಲೇಜಿನ ಮೇಲಿನ ಅಭಿಮಾನ ಎಂದುಕೊಂಡು ಜೋರಾಗಿ ಚಪ್ಪಾಳೆ ತಟ್ಟಿದರು. ಆ ಒದೆ ಕಂಬಿಗಲ್ಲ ಎನ್ನುವುದು ನನಗೊಬ್ಬಳಿಗೇ ಗೊತ್ತಿತ್ತು.

ವಾಪಸ್ ಬರುವಾಗ ರೈಲಿನಲ್ಲಿ ಅವರು ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ಇಂಚರ ನಮ್ಮಿಬ್ಬರ ಮುಖವನ್ನೂ ನೋಡಿ ನೋಡಿ, “ಅಮ್ಮಾ, ಗೊಮೆನ್,” ಎಂದಳು. ಜಪಾನಿಯಲ್ಲಿ ಕ್ಷಮಿಸು ಎಂದು. ಅವಳದೇನೂ ತಪ್ಪಿಲ್ಲ ಎಂದು ಕೈ ಹಿಡಿದುಕೊಂಡೆ. ನಾಲ್ಕನೇ ಸ್ಟೇಷನ್ ದಾಟಿದ ಮೇಲೆ ನಮ್ಮವರು ಮೊದಲ ಮಾತಾಡಿದರು.

“ಕಾಲು ನೋಯ್ತಿದೆ.”

“ತೋರ್ಸಿ,” ಎಂದೆ.

“ಬೇಡ.” ಕಾಲನ್ನು ಸೀಟಿನ ಕೆಳಗೆ ಎಳೆದುಕೊಂಡು, “ಒಂದ್ಸಲ ಹೇಳ್ಬಾರ್ದಿತ್ತಾ? ಯಾರ್ ಯಾರ ಹತ್ರ ಏನೇನೆಲ್ಲ ಕೊಚ್ಕೊಂಡಿದೀನಿ ನಾನು,” ಎಂದರು. ಆ ದನಿಯಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ನೋವಿತ್ತು.

ಹೆಬ್ಬೆರಳು ಊದಿ ಎರಡು ವಾರ ಕುಂಟಿದರು. ಮಾತು ಬೇಕಾದಷ್ಟಕ್ಕೆ ಮಾತ್ರ. ಮೂರನೇ ವಾರದ ಶನಿವಾರ ಬೆಳಿಗ್ಗೆ ನಾನು ತರಗತಿಗೆ ಹೊರಟಾಗ, ಉಳಿದಿದ್ದ ಕಾರ್ಡುಗಳ ಕಟ್ಟನ್ನು ನನ್ನ ಚೀಲಕ್ಕೆ ಹಾಕಿದರು. ಅವುಗಳ ಖಾಲಿ ಬೆನ್ನಿನ ಮೇಲೆ ಸ್ಕೆಚ್ ಪೆನ್ನಿನಿಂದ ಅ, ಆ, ಇ, ಈ ಬರೆದಿದ್ದರು. “ವೇಸ್ಟ್ ಮಾಡೋದ್ಯಾಕೆ, ಮಕ್ಳಿಗಾಗುತ್ತೆ,” ಎಂದರು. ನಾನು ಸಮುದಾಯ ಭವನದವರೆಗೂ ಅಳುತ್ತಲೇ ಹೋದೆ.

ಅವರು ಈಗಲೂ ಹೊಸಬರು ಸಿಕ್ಕರೆ ನನ್ನನ್ನು ಪರಿಚಯ ಮಾಡಿಕೊಡುತ್ತಾರೆ. “ಇವ್ಳು ವೇಲ್ಸ್‌ನಲ್ಲಿ ಓದಿದೋಳು,” ಎಂದು ಮೊದಲಿನ ಹಾಗೆಯೇ ಶುರು ಮಾಡಿ, ಒಂದು ಕ್ಷಣ ನಿಲ್ಲಿಸಿ, “ಐದು ತಿಂಗಳು,” ಎನ್ನುತ್ತಾರೆ. ಕೇಳಿದವರು ನಗಬೇಕೋ ಹೊಗಳಬೇಕೋ ತಿಳಿಯದೆ ನನ್ನ ಮುಖ ನೋಡುತ್ತಾರೆ. ಅವರು ಮಾತು ನಿಲ್ಲಿಸುವ ಆ ಒಂದು ಕ್ಷಣ ನನ್ನ ಎದೆ ಇವತ್ತಿಗೂ ಧಸಕ್ಕೆನ್ನುತ್ತದೆ. ಆ ಎರಡು ಪದ ಬಂದ ಮೇಲೆ ಉಸಿರು ಬಿಡುತ್ತೇನೆ.