ವೈದ್ಯೆಯನ್ನು ಧೂಳಿನಿಂದ ಹೊರತಂದದ್ದು

ಊಟಿಯ ಮಾರ್ಕೆಟ್ಟಿನ ಎದುರಿಗಿದ್ದ ಕನ್ನಡಕದಂಗಡಿಗೆ ನಾನು ಕೆಲಸಕ್ಕೆ ಸೇರಿದ ವರ್ಷವೇ, ನಾನು ಬಿಡದೆ ನೋಡುತ್ತಿದ್ದ ಬಾಹ್ಯಾಕಾಶದ ಧಾರಾವಾಹಿಯೊಂದು ನಿಂತುಹೋಯಿತು. ಊಟ ಸೇರದಷ್ಟು ಬೇಜಾರಾಯಿತು. ಆಮೇಲೆ ತಿಳಿಯಿತು, ನನ್ನಂಥ ಅಭಿಮಾನಿಗಳು ಅವೇ ಪಾತ್ರಗಳನ್ನಿಟ್ಟುಕೊಂಡು ತಮ್ಮದೇ ಕಥೆ ಕಟ್ಟಿ ಇಂಟರ್‌ನೆಟ್ಟಿನಲ್ಲಿ ಹಾಕುತ್ತಾರೆಂದು. ಕನ್ನಡದಲ್ಲೂ ಬರೆಯುವವರಿದ್ದರು. ನಾನು ಓದಿದ್ದು ತಮಿಳು ಶಾಲೆಯಲ್ಲಿ. ಕನ್ನಡದ ಅಕ್ಷರ ತಿದ್ದಿಸಿದವಳು ಗುಂಡ್ಲುಪೇಟೆ ಕಡೆಯಿಂದ ಮದುವೆಯಾಗಿ ಬಂದ ಅಮ್ಮ. ಮಗಳು ಅದರಲ್ಲಿ ವಚನ ಓದಲಿ ಎಂದು ಅವಳ ಆಸೆ. ನಾನು ಅನ್ಯಗ್ರಹದ ಕಥೆ ಓದತೊಡಗಿದೆ.

ಅಂಗಡಿಯಲ್ಲಿ ಅದಕ್ಕೆ ಬೇಕಾದಷ್ಟು ಬಿಡುವಿತ್ತು. ಮಂಗ ಕನ್ನಡಕ ಕಿತ್ತುಕೊಂಡು ಹೋಯಿತೆಂದು ಕಣ್ಣು ಕಿರಿದು ಮಾಡಿಕೊಂಡು ಬರುವ ಪ್ರವಾಸಿಗಳು, ಫ್ರೇಮು ಸಡಿಲವೆಂದು ವಾರಕ್ಕೊಮ್ಮೆ ಬರುವ ಒಬ್ಬ ನಿವೃತ್ತ ಮೇಷ್ಟರು. ಅವರ ನಡುವೆ ನಾನು ಕೌಂಟರಿನ ಹಿಂದೆ ಫೋನು ಹಿಡಿದು ನೌಕೆ ಹತ್ತಿಬಿಡುತ್ತಿದ್ದೆ.

ಗಾಜು ತಿಕ್ಕುವ ಯಂತ್ರದ ಮುಂದೆ ಕೂರುತ್ತಿದ್ದ ಅಕ್ಕ ಒಂದು ದಿನ ಕೇಳಿದರು: “ಏನ ಅದು? ಒಬ್ಬಳೇ ನಗ್ತಾ ಕೂತಿದ್ದೀಯ?” ಅವರು ಅವಲಾಂಚ್ ರಸ್ತೆಯ ಹಟ್ಟಿಯೊಂದರವರು. ಮನೆಯಲ್ಲಿ ಬಡಗರ ನುಡಿಯಾದ ಬಡಗು, ಬೀದಿಯಲ್ಲಿ ತಮಿಳು, ನನ್ನೊಡನೆ ಮಾತ್ರ ಕನ್ನಡ ಬೆರೆಸಿ ಮಾತಾಡುವರು. ಹೇಳಿದರೆ ನಗುತ್ತಾರೇನೋ ಎಂದುಕೊಂಡೇ ಹೇಳಿದೆ. ಅವರು ಯಂತ್ರ ಆರಿಸಿ ಕೇಳಿದರು. ಅಂದಿನಿಂದ ಮಧ್ಯಾಹ್ನದ ಊಟದ ಹೊತ್ತು ಕಥೆಗೆ ಮೀಸಲಾಯಿತು. ಸುಮ್ಮನೆ ಕೇಳುವವರೂ ಅವರಲ್ಲ. “ಆ ಕ್ಯಾಪ್ಟನ್‌ಗೆ ಒಳ್ಳೇ ಬುದ್ಧಿ ಇಲ್ಲೆ,” ಎಂದು ಬೈದು, ನೌಕೆಯ ವೈದ್ಯೆಯನ್ನು ತಮ್ಮವಳನ್ನಾಗಿ ಮಾಡಿಕೊಂಡುಬಿಟ್ಟರು.

ನಾವು ಅತಿ ಆಸೆಯಿಂದ ಓದುತ್ತಿದ್ದ ಕಥೆಯಲ್ಲಿ ಆ ವೈದ್ಯೆ, ರೋಗಿಗಳನ್ನು ತುಂಬಿಕೊಂಡ ಬಂಡಿಯೊಂದರಲ್ಲಿ, ಕೆಂಪು ಗ್ರಹದ ಧೂಳಿನ ಬಿರುಗಾಳಿಗೆ ಸಿಕ್ಕಿಬಿದ್ದಳು. ಯಂತ್ರಗಳೆಲ್ಲ ಕುರುಡು. ಎರಡೂ ಕಡೆ ಪ್ರಪಾತ. ಅಲ್ಲಿಗೆ ಕಥೆ ನಿಂತಿತು. ವಾರ ಕಳೆಯಿತು, ತಿಂಗಳು ಕಳೆಯಿತು, ಮುಂದಿನ ಕಂತು ಬರಲಿಲ್ಲ.

“ಹಿಂಗೆ ನಡುದಾರೀಲಿ ಬಿಟ್ಟು ಹೋದರೆ ಅವಳ ಗತಿ ಏನ?” ಅಕ್ಕ ನನ್ನ ಮೇಲೆಯೇ ರೇಗಿದರು. “ಬರೆದವರನ್ನ ಕೇಳು.”

ಕೇಳಿದೆ. ಉತ್ತರ ಬಂತು: ‘ನನಗೂ ಅವಳನ್ನು ಹೊರತರುವ ದಾರಿ ತೋಚುತ್ತಿಲ್ಲ. ತೋಚಿದವರು ಬರೆಯಲಿ, ನನ್ನ ಒಪ್ಪಿಗೆಯಿದೆ.’

“ನೀ ಬರೆ,” ಎಂದರು ಅಕ್ಕ, ಚೀಟಿಗೆ ಬೆಲೆ ಬರೆ ಎಂದಷ್ಟು ಸಲೀಸಾಗಿ.

ಬರೆದೆ. ಮೇಲಿಂದ ಇನ್ನೊಂದು ನೌಕೆ ಇಳಿದು ಎಲ್ಲರನ್ನೂ ಎತ್ತಿಕೊಂಡು ಹೋಯಿತು. ಅಕ್ಕ ಕೇಳಿ ಮುಖ ಸಿಂಡರಿಸಿದರು. “ಯಾರೋ ಬಂದು ಎತ್ತಿಕೊಂಡು ಹೋಗಕೆ ಅವಳೇನು ಟೀ ಎಲೆ ಮೂಟೆಯಾ?” ನನಗೆ ಸಿಟ್ಟು ಬಂತು. ಆದರೆ ಅವರು ಹೇಳಿದ್ದು ಸರಿಯಾಗಿತ್ತು, ಅಳಿಸಿಹಾಕಿದೆ.

ಮುಂದಿನ ಭಾನುವಾರ ಅಕ್ಕ ನನ್ನನ್ನು ತಮ್ಮ ಹಟ್ಟಿಗೆ ಊಟಕ್ಕೆ ಕರೆದೊಯ್ದರು. ಅವರಿಗೆ ಪೇಟೆಯಲ್ಲಿ ಏನೋ ಕೆಲಸವಿದ್ದುದರಿಂದ ಊಟ ಮುಗಿಸಿ ಮಧ್ಯಾಹ್ನ ಇಬ್ಬರೂ ಒಟ್ಟಿಗೇ ಊಟಿಗೆ ವಾಪಸು ಬಸ್ಸು ಹತ್ತಿದೆವು. ತಿರುವೊಂದರಲ್ಲಿ ಮಂಜು ಹಾಲು ಸುರಿದಂತೆ ಕವಿಯಿತು. ಡ್ರೈವರ್ ಬಸ್ಸು ನಿಲ್ಲಿಸಿ, ಬಾನೆಟ್ಟೇ ಕಾಣುತ್ತಿಲ್ಲ ಎಂದ. ಕಂಡಕ್ಟರ್ ಇಳಿದು ಮುಂದೆ ನಡೆದ. ಅವನೊಬ್ಬನಿಂದ ರಸ್ತೆಯ ಎರಡೂ ಅಂಚು ಹಿಡಿಯಲಾಗಲಿಲ್ಲ. ಆಗ ಅಕ್ಕ ಸೀರೆ ಎತ್ತಿ ಸಿಕ್ಕಿಸಿಕೊಂಡು ಇಳಿದರು, ಅವರ ಹಿಂದೆ ನಾನು, ನಮ್ಮ ಹಿಂದೆ ಇನ್ನೂ ಕೆಲವು ಹೆಂಗಸರು. ಅಂಚಿನುದ್ದಕ್ಕೂ ನಡೆಯುತ್ತ ನಾವು ಕೂಗಿದೆವು: “ಬಾ! ಬಾ! ಇಲ್ಲಿ ಚರಂಡಿ, ಆ ಕಡೆ ಒತ್ತು!” ಡ್ರೈವರ್ ನಮ್ಮ ದನಿ ಹಿಡಿದು ಬಸ್ಸನ್ನು ತೆವಳಿಸಿದ. ಮಂಜು ಹರಿದು ಕೆಳಗಿನ ಕ್ಯಾರೆಟ್ ಹೊಲಗಳು ಕಂಡಾಗ ಬಸ್ಸಿನೊಳಗಿದ್ದವರು ಚಪ್ಪಾಳೆ ತಟ್ಟಿದರು. ನಾನು ಅಕ್ಕನ ತೋಳು ಹಿಡಿದುಕೊಂಡೆ.

“ಅಕ್ಕಾ, ವೈದ್ಯೆ ಇಳಿದು ನಡೀತಾಳೆ!”

“ಒಬ್ಬಳೇ ಯಾಕೆ? ರೋಗಿಗಳಿಗೂ ಗಂಟಲಿಲ್ಲವಾ?”

ಹಾಗೆಯೇ ಬರೆದೆ. ವೈದ್ಯೆ ಹಗ್ಗ ಕಟ್ಟಿಕೊಂಡು ಧೂಳಿಗಿಳಿಯುತ್ತಾಳೆ. ನಡೆಯಬಲ್ಲ ರೋಗಿಗಳು ಒಬ್ಬೊಬ್ಬರಾಗಿ ಇಳಿದು ಪ್ರಪಾತದ ಅಂಚಿಗೆ ಸಾಲಾಗಿ ನಿಲ್ಲುತ್ತಾರೆ. ಶಿರಸ್ತ್ರಾಣದ ರೇಡಿಯೋದಲ್ಲಿ ಒಬ್ಬರಾದ ಮೇಲೊಬ್ಬರು ಕೂಗುತ್ತಾರೆ, ಬಂಡಿ ಆ ದನಿಗಳ ನಡುವೆ ಸಾಗುತ್ತದೆ. ಊರು, ಮಂಜು, ಬಸ್ಸು ಯಾವುದೂ ಅದರಲ್ಲಿಲ್ಲ. ಆದರೂ ಬಸ್ಸಿನ ಮುಂದೆ ಕೂಗಿದ್ದ ನನ್ನ ಗಂಟಲು ಬರೆಯುವಾಗ ಇನ್ನೂ ನೋಯುತ್ತಿತ್ತು.

ಕಥೆ ಹಾಕಿದ ಮರುದಿನ ಅಂಗಡಿ ತೆರೆಯುತ್ತಲೇ ಫೋನು ಗುಂಯ್‌ಗುಟ್ಟತೊಡಗಿತು. ಕಂಡರಿಯದ ಊರುಗಳಿಂದ ಕಂಡರಿಯದ ಜನ. ಓದಿ ಅತ್ತೆ ಎಂದು ಒಬ್ಬರು, ಎದ್ದು ನಿಂತು ಕೂಗಿದೆ ಎಂದು ಇನ್ನೊಬ್ಬರು. ಎಲ್ಲಕ್ಕಿಂತ ಮೇಲೆ, ಮೊದಲು ಬರೆದವರ ಮಾತು: ‘ಅವಳು ಬದುಕಿದಳು. ಇನ್ನು ಇದೇ ನನ್ನ ಕಥೆಯ ಕೊನೆ.’

ಅಕ್ಕನಿಗಾಗಿ ಗಟ್ಟಿಯಾಗಿ ಓದತೊಡಗಿದೆ. ಫ್ರೇಮು ಬಿಗಿ ಮಾಡಿಸಲು ಬಂದಿದ್ದ ಮೇಷ್ಟರು ಕೂತರು. ಮಾಲೀಕರು ಬೈಯಲು ಒಳಗಿಂದ ಬಂದವರು ಬಾಗಿಲಲ್ಲೇ ನಿಂತರು. ಬಂಡಿ ಬಯಲಿಗೆ ಬಂದಾಗ ಮೇಷ್ಟರು ಮೇಜು ಗುದ್ದಿ “ಭಲೇ!” ಎಂದರು. ಅಕ್ಕ ನನ್ನ ಕೈ ಹಿಡಿದು ಎದುರಿನ ಬೇಕರಿಗೆ ಎಳೆದೊಯ್ದರು. ಆಗಷ್ಟೇ ಒಲೆಯಿಂದ ತೆಗೆದ ಬಿಸಿ ವರ್ಕಿ ಬಿಸ್ಕತ್ತನ್ನು ನಮ್ಮ ಅಂಗಡಿಯವರಿಗೆಲ್ಲ ಕಟ್ಟಿಸುತ್ತ, “ನಮ್ಮ ಡಾಕ್ಟರಮ್ಮ ಬದುಕಿಕೊಂಡರು,” ಎಂದು ಬೇಕರಿಯವನಿಗೆ ತಮಿಳಿನಲ್ಲಿ ಸಾರಿದರು.

ಅವನು ಸಂತೋಷದಿಂದ ಕೈ ಮುಗಿದು, ಯಾವ ಆಸ್ಪತ್ರೆ ಎಂದು ಕೇಳಿದ.

“ರೊಂಬ ದೂರ,” ಎಂದರು ಅಕ್ಕ, ಮುಖವೆಲ್ಲ ನಗುವಾಗಿ.